ಓದುಗರ ಪ್ರಶ್ನೆ: ಖಾಲಿ ಡಬ್ಬಿಗೆ ಬೆಣ್ಣೆ ಬಿಸ್ಕತ್ತು

ಡಿಸೆಂಬರ್ ಬಂದರೆ ಈ ಪುಟಕ್ಕೆ ಬರುವ ಪ್ರಶ್ನೆಗಳಲ್ಲಿ ಅರ್ಧ ಅವರೆಕಾಯಿಯವು. ಸೊಗಡು ಯಾಕಿಲ್ಲ, ಹಿತಕಿದ ಮೇಲೆ ಎಷ್ಟು ದಿನ ಇಡಬಹುದು, ಹೀಗೆ. ಈ ಸಲ ಏನಾಯಿತೋ, ಬಿಸ್ಕತ್ತಿನ ಪ್ರಶ್ನೆಗಳು ಸಾಲಾಗಿ ಬಂದಿವೆ. ಮೊದಲನೆಯದನ್ನು ಓದಿ ನಾನೇ ಅಂಗಡಿಗೆ ಹೋದೆ, ಒಂದು ವಾರ ಮನೆಯವರಿಗೆಲ್ಲ ಸಂಜೆ ಕಾಫಿ ಜೊತೆ ಬಿಸ್ಕತ್ತೇ ತಿನ್ನಿಸಿದೆ. ಅವರೆಕಾಯಿಯವರು ಮುಂದಿನ ಸಂಚಿಕೆವರೆಗೆ ಕಾಯಬೇಕು, ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎದುರು ಮನೆಯವರು ಮಂಗಳೂರು ಕಡೆಯ ಕ್ರೈಸ್ತರು. ಪ್ರತಿ ಕ್ರಿಸ್‌ಮಸ್‌ಗೆ ದೊಡ್ಡ ಸ್ಟೀಲ್ ಡಬ್ಬಿ ತುಂಬಾ ಕುಸ್ವಾರ್, ಅಂದರೆ ಅವರ ಕ್ರಿಸ್‌ಮಸ್ ತಿಂಡಿಗಳು, ಕಳಿಸುತ್ತಾರೆ. ಡಬ್ಬಿ ಖಾಲಿ ವಾಪಸ್ ಕೊಡಬಾರದು ಅಂತ ನಮ್ಮಮ್ಮ ಹೇಳಿಕೊಟ್ಟಿದ್ದಾರೆ. ಹೋದ ವರ್ಷ ಸಂಕ್ರಾಂತಿವರೆಗೆ ಡಬ್ಬಿ ಇಟ್ಟುಕೊಂಡು ಎಳ್ಳು ಬೆಲ್ಲ ಹಾಕಿ ಕೊಟ್ಟೆ, ಅಷ್ಟರಲ್ಲಿ ಅವರು ಎರಡು ಸಲ ಡಬ್ಬಿ ಕೇಳಿಯಾಗಿತ್ತು! ಈ ಸಲ ಹೊಸ ವರ್ಷದೊಳಗೇ ಕೊಡಬೇಕು. ನನಗೆ ಬೇಕಿಂಗ್ ಬರುವುದಿಲ್ಲ, ಕೆಲಸಕ್ಕೂ ಹೋಗುತ್ತೇನೆ. ಅಂಗಡಿಯ ಬೆಣ್ಣೆ ಬಿಸ್ಕತ್ತು ತುಂಬಿಸಿ ಕೊಟ್ಟರೆ ಚೆನ್ನಾಗಿರುತ್ತಾ? ಯಾವುದು ತರಲಿ?
ಓದುಗರು, ಕಮ್ಮನಹಳ್ಳಿ

ಉತ್ತರ: ಧಾರಾಳವಾಗಿ ಕೊಡಿ. ಅಂಗಡಿಯದ್ದು ಅಂತ ಸಂಕೋಚ ಬೇಡ. ಕುಸ್ವಾರ್ ಡಬ್ಬಿಯಲ್ಲಿ ಏನಿರುತ್ತೆ ನೆನಪು ಮಾಡಿಕೊಳ್ಳಿ. ಹಿಟ್ಟನ್ನು ಸುರುಳಿ ಸುತ್ತಿ ಕರಿದ ಕಿಡಿಯೊ ಇರುತ್ತೆ, ನಮ್ಮ ಕರ್ಜಿಕಾಯಿಯ ತಮ್ಮನಂಥ ನೆವ್ರಿ ಇರುತ್ತೆ, ಅಚ್ಚಿನಲ್ಲಿ ಅದ್ದಿ ತೆಗೆದ ಗುಲಾಬಿ ಹೂವಿನಂಥದ್ದು ಇರುತ್ತೆ. ಬಹುಪಾಲು ಕರಿದ ತಿಂಡಿ. ಇಡೀ ಮನೆಯವರು ಎರಡು ದಿನ ಎಣ್ಣೆ ಬಾಣಲೆ ಮುಂದೆ ನಿಂತಿರುತ್ತಾರೆ. ಅಂಥ ಮನೆಗೆ ನೀವು ಚಕ್ಲಿ ಕೊಟ್ಟರೆ ಎಣ್ಣೆಗೆ ಎಣ್ಣೆ ಸೇರಿಸಿದ ಹಾಗೆ. ಪ್ಲಮ್ ಕೇಕ್ ಅಂತೂ ಬೇಡವೇ ಬೇಡ, ಅವರ ಮನೆಯಲ್ಲಿ ಆಗಲೇ ನಾಲ್ಕು ಬಂದು ಕೂತಿರುತ್ತೆ. ಓವನ್‌ನಲ್ಲಿ ಬೆಂದ, ಜಾಸ್ತಿ ಸಿಹಿ ಇಲ್ಲದ, ಉಪ್ಪು ಬೆಣ್ಣೆಯ ಬಿಸ್ಕತ್ತು ಅಲ್ಲಿಗೆ ಸರಿ ಹೋಗುತ್ತೆ.

ಇನ್ನು ಯಾವುದು ಅನ್ನೋದು. ಅದಕ್ಕೇ ನಾನು ನಾಲ್ಕು ಥರ ತಂದು, ಹೆಸರು ಹೇಳದೆ ನಾಲ್ಕು ತಟ್ಟೆಯಲ್ಲಿಟ್ಟು, ತಟ್ಟೆಯ ಕೆಳಗೆ ಚೀಟಿ ಸಿಕ್ಕಿಸಿ, ಮನೆಯವರು, ಅತ್ತೆ, ಮಗಳು, ಮಹಡಿ ಮನೆಯ ಹುಡುಗ, ಇವರಿಗೆಲ್ಲ ತಿನ್ನಿಸಿದೆ. ದೊಡ್ಡ ಪರೀಕ್ಷೆ ಏನಲ್ಲ, ಸುಮ್ನೆ ಕುತೂಹಲ.

ಮೊದಲನೆಯದು ಕಿರಾಣಿ ಅಂಗಡಿಯಲ್ಲಿ ಸಿಗುವ ಸಾಧಾರಣ ಪ್ಯಾಕೆಟ್, ಮೇಲೆ ದೊಡ್ಡದಾಗಿ ಬಟರ್ ಅಂತ ಬರೆದದ್ದು. ಕಿತ್ತ ತಕ್ಷಣ ಘಮ್ ಅನ್ನುತ್ತೆ. ಕುರುಂ ಅಂತ ಮುರಿಯುತ್ತೆ. ಅಗಿಯುವ ಹೊತ್ತಿಗೆ ಆ ಘಮ ಎಲ್ಲಿ ಹೋಯಿತೋ ಗೊತ್ತಿಲ್ಲ, ಸಕ್ಕರೆ ಮಾತ್ರ ಉಳಿಯುತ್ತೆ. ಮಹಡಿ ಮನೆ ಹುಡುಗ ಇದಕ್ಕೇ ಮೊದಲ ಬಹುಮಾನ ಕೊಟ್ಟ. ಕಾಫಿಗೆ ಅದ್ದೋಕೆ ಇದಕ್ಕಿಂತ ಒಳ್ಳೇದು ಇಲ್ಲ, ಅದು ನಿಜ. ಆದರೆ ಉಡುಗೊರೆಗೆ ಬೇಡ, ಅದೇ ಪ್ಯಾಕೆಟ್ ಅವರ ಮನೆಯಲ್ಲೂ ಇರುತ್ತೆ.

ಎರಡನೆಯದು ನಮ್ಮ ರಸ್ತೆ ಕೊನೆಯ ಅಯ್ಯಂಗಾರ್ ಬೇಕರಿಯದು. ಗಾಜಿನ ಭರಣಿಯಿಂದ ತೆಗೆದು, ಕಾಲು ಕೇಜಿ ತೂಗಿ, ಪೇಪರ್ ಕವರಿಗೆ ಹಾಕಿ ಕೊಟ್ಟರು. ಮೇಲೆ ಸಣ್ಣಗೆ ಬಿರುಕು ಬಿಟ್ಟಿರುತ್ತೆ, ಬಣ್ಣ ತಿಳಿ, ಬಾಯಿಗೆ ಹಾಕಿದರೆ ಪುಡಿಪುಡಿ. ಆವತ್ತೇ ಮಾಡಿದ್ದಾದರೆ ಇದಕ್ಕೆ ಸಮ ಇನ್ನೊಂದಿಲ್ಲ ಅಂತ ನಮ್ಮತ್ತೆ. ಮೂರನೇ ದಿನಕ್ಕೆ ಮಾತ್ರ ಅಂಗುಳಿನ ಮೇಲೆ ಮೇಣ ಸವರಿದ ಹಾಗೆ ಒಂದು ಪದರ ಉಳಿಯಿತು. ಬೇಕರಿಯವರನ್ನೇ ಕೇಳಿದೆ. ಅವರು ಮುಚ್ಚುಮರೆ ಮಾಡಲಿಲ್ಲ. "ಅಮ್ಮ, ಪೂರ್ತಿ ಬೆಣ್ಣೆ ಹಾಕಿದರೆ ಈ ರೇಟಿಗೆ ಕೊಡೋಕಾಗಲ್ಲ. ನಿಮಗೆ ಬೇಕಾದರೆ ಹಿಂದಿನ ದಿನ ಹೇಳಿ, ಬೆಣ್ಣೆಯದೇ ಮಾಡಿಕೊಡ್ತೀನಿ, ಅರ್ಧ ಕೇಜಿಗೆ ಕಮ್ಮಿ ಆಗಲ್ಲ" ಅಂದರು. ಈ ಮಾತು ನೆನಪಿಟ್ಟುಕೊಳ್ಳಿ, ಆಮೇಲೆ ಬರುತ್ತೇನೆ.

ಮೂರನೆಯದು ಶಾರ್ಟ್‌ಬ್ರೆಡ್, ಸ್ಕಾಟ್ಲೆಂಡಿನ ಬಿಸ್ಕತ್ತು. ಸೂಪರ್ ಮಾರ್ಕೆಟ್ಟಿನಲ್ಲಿ ಚೌಕಳಿ ಡಿಸೈನಿನ ಕೆಂಪು ಪೆಟ್ಟಿಗೆಯಲ್ಲಿ ಬರುತ್ತಲ್ಲ, ಅಂಥದ್ದು. ದಪ್ಪ, ಭಾರ, ನೋಡೋಕೆ ಏನೂ ಇಲ್ಲ, ಸೋಪಿನ ತುಂಡಿನ ಹಾಗೆ ಕಾಣುತ್ತೆ. ಆದರೆ ಬೆಣ್ಣೆ ಅಂದರೆ ಬೆಣ್ಣೆ. ಒಂದು ಭಾಗ ಸಕ್ಕರೆ, ಎರಡು ಭಾಗ ಬೆಣ್ಣೆ, ಮೂರು ಭಾಗ ಹಿಟ್ಟು, ಇದು ಅವರ ಹಳೇ ಲೆಕ್ಕ. ಒಂದು ತಿಂದರೆ ಎರಡನೆಯದಕ್ಕೆ ಕೈ ಹೋಗಲ್ಲ, ಹೊಟ್ಟೆ ತುಂಬಿದ ಹಾಗಾಗುತ್ತೆ. ಹೆಸರಿನ ಶಾರ್ಟ್ ಅಂದರೆ ಗಿಡ್ಡ ಅಲ್ಲ, ಪುಡಿಪುಡಿಯಾಗೋದು ಅಂತ. ನಾವು ನಿಪ್ಪಟ್ಟಿಗೆ ಕಾಯಿಸಿದ ಎಣ್ಣೆ ಹಾಕಿ, ಹಿಟ್ಟು ಮುಷ್ಟಿಯಲ್ಲಿ ಹಿಡಿದರೆ ನಿಲ್ಲಬೇಕು ಅಂತ ನೋಡುತ್ತೇವಲ್ಲ, ಬೆಣ್ಣೆ ಮುರುಕಿಗೆ ಬೆಣ್ಣೆ ಹಾಕಿ ಉಜ್ಜುತ್ತೇವಲ್ಲ, ಅದೇ ಕೆಲಸ. ಜಿಡ್ಡು ಹಿಟ್ಟಿನ ಕಣಕ್ಕೆ ಮೆತ್ತಿಕೊಂಡರೆ ನೀರು ಒಳಗೆ ಹೋಗಲ್ಲ, ಅಂಟು ಎಳೆ ಕಟ್ಟಲ್ಲ, ಹಾಗಾಗಿ ಗಟ್ಟಿಯಾಗದೆ ಉದುರುತ್ತೆ. ಮೊದಲು ಬೆಣ್ಣೆ ದುಬಾರಿ, ಹಾಗಾಗಿ ಅಲ್ಲಿಯ ಜನ ಇದನ್ನು ಮದುವೆ, ಕ್ರಿಸ್‌ಮಸ್, ಹೊಸ ವರ್ಷಕ್ಕೆ ಅಂತಲೇ ಮಾಡುತ್ತಿದ್ದರು. ಇನ್ನೊಂದು ಕೇಳಿ, ನಿಮಗೆ ಇಷ್ಟವಾಗುತ್ತೆ. ಹೊಸ ವರ್ಷದ ರಾತ್ರಿ ಹನ್ನೆರಡು ಹೊಡೆದ ಮೇಲೆ ಮನೆಗೆ ಮೊದಲು ಕಾಲಿಡುವವರು ಖಾಲಿ ಕೈಯಲ್ಲಿ ಬರಬಾರದು ಅನ್ನೋದು ಸ್ಕಾಟ್ಲೆಂಡಿನ ಪದ್ಧತಿ. ಕಲ್ಲಿದ್ದಲ ತುಂಡು, ವಿಸ್ಕಿ, ಜೊತೆಗೆ ಶಾರ್ಟ್‌ಬ್ರೆಡ್ ತರುತ್ತಾರೆ. ನಿಮ್ಮಮ್ಮ ಅಲ್ಲಿ ಹುಟ್ಟಿದ್ದರೂ ಇದೇ ಮಾತು ಹೇಳುತ್ತಿದ್ದರು ಅಲ್ವಾ?

ನಾಲ್ಕನೆಯದು ನೀಲಿ ಟಿನ್ನಿನಲ್ಲಿ ಬರುವ ಬೆಣ್ಣೆ ಕುಕೀ. ಇದರ ಬಗ್ಗೆ ಕೆಳಗೆ ಬೇರೆ ಪ್ರಶ್ನೆಯೇ ಇದೆ. ನೋಡೋಕೆ ಚೆಂದ, ಬಳೆ ಆಕಾರ, ಗಂಟಿನ ಆಕಾರ, ಮೇಲೆ ಸಕ್ಕರೆ ಹರಳು ಉದುರಿಸಿದ್ದು. ಆಕಾರ ಬೇರೆ, ರುಚಿ ಹೆಚ್ಚು ಕಮ್ಮಿ ಒಂದೇ. ಮಗಳು ಸಕ್ಕರೆ ಹರಳಿನದ್ದನ್ನೇ ಆರಿಸಿ ತಿಂದಳು.

ನನ್ನ ಮಾತು ಕೇಳುವುದಾದರೆ, ಹತ್ತಿರದ ಬೇಕರಿಯಲ್ಲಿ ಅರ್ಧ ಕೇಜಿ ಶುದ್ಧ ಬೆಣ್ಣೆಯದು ಹೇಳಿ ಮಾಡಿಸಿ. 30ನೇ ತಾರೀಖು ಹೇಳಿ, 31ಕ್ಕೆ ತಂದು, ಅವತ್ತೇ ಡಬ್ಬಿಗೆ ಹಾಕಿ ಕೊಡಿ. ತಳಕ್ಕೆ ಬಟರ್ ಪೇಪರ್, ಒಂದು ಸಾಲು ಬಿಸ್ಕತ್ತು, ಮತ್ತೆ ಪೇಪರ್. ಡಬ್ಬಿ ಕಂಠದವರೆಗೆ ತುಂಬಿರಲಿ, ಸಡಿಲ ಬಿಟ್ಟರೆ ಎದುರು ಮನೆ ಸೇರುವಷ್ಟರಲ್ಲೇ ಅರ್ಧ ಪುಡಿ. ಬೇಕರಿಯವರು ಆಗಲ್ಲ ಅಂದರೆ ಶಾರ್ಟ್‌ಬ್ರೆಡ್. ಕಮ್ಮಿ ಬಂದರೂ ಪರವಾಗಿಲ್ಲ, ಉಳಿದ ಜಾಗಕ್ಕೆ ಒಂದು ಪೊಟ್ಟಣ ಕಾಂಗ್ರೆಸ್ ಕಡಲೆಕಾಯಿ ಇಡಿ. ಪೊಟ್ಟಣದ ಬಾಯಿ ಭದ್ರ ಕಟ್ಟಿ, ಇಲ್ಲದಿದ್ದರೆ ಬಿಸ್ಕತ್ತೆಲ್ಲ ಇಂಗು ಇಂಗು.

ಪ್ರಶ್ನೆ: ಪ್ಯಾಕೆಟ್ ಮೇಲೆ ಬಟರ್ ಅಂತ ಇರುತ್ತೆ, ಚಿನ್ನದ ಬಣ್ಣದಲ್ಲಿ ಬೆಣ್ಣೆ ಮುದ್ದೆಯ ಚಿತ್ರವೂ ಇರುತ್ತೆ. ಒಳಗೆ ನಿಜವಾಗಿ ಎಷ್ಟು ಬೆಣ್ಣೆ ಇದೆ ಅಂತ ನಮ್ಮಂಥವರು ತಿಳಿಯೋದು ಹೇಗೆ? ಪೇಪರ್ ಮೇಲೆ ಉಜ್ಜಿದರೆ ಜಿಡ್ಡಿನ ಕಲೆ ಬರುತ್ತೆ, ಅದು ಸಾಕಾ?
ನಿವೃತ್ತ ಬ್ಯಾಂಕ್ ನೌಕರರು, ಬಸವನಗುಡಿ

ಉತ್ತರ: ಸಾಲದು ಸರ್. ಪಾಮ್ ಎಣ್ಣೆಯೂ ಕಲೆ ಮಾಡುತ್ತೆ, ವನಸ್ಪತಿಯೂ ಮಾಡುತ್ತೆ. ಜಿಡ್ಡು ಇದೆ ಅಂತ ಗೊತ್ತಾಗುತ್ತೆ, ಯಾರ ಜಿಡ್ಡು ಅಂತ ಗೊತ್ತಾಗಲ್ಲ.

ಚಿತ್ರ ನೋಡಬೇಡಿ, ಪ್ಯಾಕೆಟ್ ತಿರುಗಿಸಿ. ಬ್ಯಾಂಕಿನಲ್ಲಿ ಸಣ್ಣ ಅಕ್ಷರ ಓದಿ ಅಭ್ಯಾಸ ಇರುತ್ತಲ್ಲ, ಇಲ್ಲೂ ಅದೇ ಕೆಲಸ. ಸಾಮಗ್ರಿಗಳ ಪಟ್ಟಿ ತೂಕದ ಲೆಕ್ಕದಲ್ಲಿ ಇಳಿಕೆ ಕ್ರಮದಲ್ಲಿರಬೇಕು, ಅಂದರೆ ಜಾಸ್ತಿ ಇರೋದು ಮೊದಲು. ಅದು ನಿಯಮ. ಮೈದಾ, ಸಕ್ಕರೆ, ಆಮೇಲೆ ಖಾದ್ಯ ತೈಲ ಅಂತ ಬಂದು, ಬೆಣ್ಣೆ ಎಲ್ಲೋ ಹಾಲಿನ ಪುಡಿ ಹತ್ತಿರ, ಉಪ್ಪಿನ ಪಕ್ಕ ನಿಂತಿದ್ದರೆ, ಅದು ಹೆಸರಿಗೆ ಬೆಣ್ಣೆ ಅಷ್ಟೆ. ಮೈದಾ ಆದ ಮೇಲೆ ಎರಡನೆಯದೋ ಮೂರನೆಯದೋ ಬೆಣ್ಣೆ ಇದ್ದು, ಬೇರೆ ಎಣ್ಣೆಯ ಹೆಸರೇ ಇಲ್ಲದಿದ್ದರೆ ಅದು ಬೆಣ್ಣೆ ಬಿಸ್ಕತ್ತು. ಇನ್ನೊಂದು ಅನುಕೂಲ ಇದೆ. ಯಾವ ಪದಾರ್ಥದ ಹೆಸರನ್ನು ಮುಂದೆ ದೊಡ್ಡದಾಗಿ ಮೆರೆಸುತ್ತಾರೋ ಅದರ ಶೇಕಡಾವಾರು ಲೆಕ್ಕವನ್ನು ಕೊಡಬೇಕು. ಹಾಗಾಗಿ ಬೆಣ್ಣೆಯ ಪಕ್ಕ ಒಂದು ಅಂಕಿ ಇರುತ್ತೆ. ಕೆಲವು ಪ್ಯಾಕೆಟ್ಟುಗಳಲ್ಲಿ ಆ ಅಂಕಿ ಓದಿದರೆ ನಗು ಬರುತ್ತೆ. ಒಳ್ಳೇ ಶಾರ್ಟ್‌ಬ್ರೆಡ್ಡಿನಲ್ಲಿ ಮೂರನೇ ಒಂದು ಪಾಲಿನ ಹತ್ತಿರ ಬೆಣ್ಣೆಯೇ ಇರುತ್ತೆ, ಅದನ್ನು ಅಳತೆಗೋಲು ಮಾಡಿಕೊಳ್ಳಿ.

ಹೆಸರುಗಳು ಗೊಂದಲ ಮಾಡುತ್ತವೆ. ಶಾರ್ಟನಿಂಗ್, ಮಾರ್ಗರಿನ್, ವೆಜಿಟಬಲ್ ಫ್ಯಾಟ್, ಪಾಮ್ ಆಯಿಲ್, ಇವು ಯಾವುವೂ ಬೆಣ್ಣೆ ಅಲ್ಲ. ಬಟರ್ ಫ್ಲೇವರ್ ಅಂದರೆ ವಾಸನೆ ಮಾತ್ರ. ಬೆಣ್ಣೆಯ ಘಮಕ್ಕೆ ಮುಖ್ಯ ಕಾರಣ ಡಯಾಸಿಟೈಲ್ ಅನ್ನೋ ಒಂದು ವಸ್ತು, ಅದನ್ನು ಬೇರೆಯಾಗಿಯೂ ತಯಾರು ಮಾಡಬಹುದು. ಪ್ಯಾಕೆಟ್ ಕಿತ್ತಾಗ ಘಮ್ ಅಂದು ಬಾಯಿಗೆ ಬಂದಾಗ ಮಾಯ ಆಗೋದು ಬಹುಪಾಲು ಇದೇ ಆಟ.

ಭರಣಿಯಿಂದ ತೂಗಿ ಕೊಡುವ ಬೇಕರಿ ಬಿಸ್ಕತ್ತಿಗೆ ಪಟ್ಟಿ ಎಲ್ಲಿಂದ ಬರಬೇಕು? ಅಲ್ಲಿ ನಾಲಿಗೆಯೇ ಗತಿ. ಬೆಣ್ಣೆ ಸುಮಾರು 32ರಿಂದ 35 ಡಿಗ್ರಿಗೆ ಕರಗುತ್ತೆ, ನಮ್ಮ ಮೈ ಬಿಸಿ 37. ಹಾಗಾಗಿ ನಿಜವಾದ ಬೆಣ್ಣೆ ಬಾಯಲ್ಲಿ ನೀರಾಗಿ ಹೋಗುತ್ತೆ. ಅದಕ್ಕಿಂತ ಗಟ್ಟಿ ಕೊಬ್ಬು ಪೂರ್ತಿ ಕರಗದೆ ಅಂಗುಳಿಗೆ ಅಂಟಿಕೊಳ್ಳುತ್ತೆ. ಬಿಸಿ ಕಾಫಿ ಕುಡಿದ ಮೇಲೆ ಗೊತ್ತಾಗಲ್ಲ, ಒಂದು ತುಂಡು ಬರೀ ಬಾಯಲ್ಲಿ, ಅಗಿಯದೆ, ನಿಧಾನವಾಗಿ ಕರಗಿಸಿ ನೋಡಿ.

ವನಸ್ಪತಿ ಅಂದ ತಕ್ಷಣ ಹೆದರಿಕೊಳ್ಳುವವರಿಗೆ ಒಂದು ಮಾತು. ಎಣ್ಣೆಯನ್ನು ಗಟ್ಟಿ ಮಾಡುವಾಗ ಹುಟ್ಟುವ, ಹೃದಯಕ್ಕೆ ಕೆಟ್ಟದ್ದಾದ ಕೊಬ್ಬಿಗೆ ಟ್ರಾನ್ಸ್ ಫ್ಯಾಟ್ ಅಂತಾರೆ. ಎಣ್ಣೆ ಕೊಬ್ಬುಗಳಲ್ಲಿ ಅದು ಶೇಕಡ 2ಕ್ಕಿಂತ ಜಾಸ್ತಿ ಇರಬಾರದು ಅಂತ ಆಹಾರ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಎಸ್‌ಎಸ್‌ಎಐ 2022ರ ಜನವರಿಯಿಂದ ಮಿತಿ ಹಾಕಿದೆ. ಮೊದಲಿನ ಪರಿಸ್ಥಿತಿ ಈಗಿಲ್ಲ. ಹಾಗಂತ ದಿನಾ ತಿನ್ನಿ ಅಂತಲೂ ಅಲ್ಲ. ಬೆಣ್ಣೆಯೂ ಕೊಬ್ಬೇ.

ಪ್ರಶ್ನೆ: ನಮ್ಮ ಮನೆಯಲ್ಲಿ ಮೊಟ್ಟೆ ತಿನ್ನುವುದಿಲ್ಲ. ಸೊಸೆ ಆಫೀಸಿನಿಂದ ತಂದ ಬಿಸ್ಕತ್ತನ್ನು ಬಾಯಿಗೆ ಹಾಕಿಕೊಂಡ ಮೇಲೆ ಅನುಮಾನ ಬಂತು. ಫಾರಿನ್ ಬಿಸ್ಕತ್ತಿನಲ್ಲಿ ಮೊಟ್ಟೆ ಇದ್ದೇ ಇರುತ್ತಾ?
ಹಿರಿಯ ಓದುಗರು, ಮಲ್ಲೇಶ್ವರ

ಉತ್ತರ: ಇದ್ದೇ ಇರುತ್ತೆ ಅಂತಿಲ್ಲ ಅಮ್ಮ. ಹಳೇ ಕ್ರಮದ ಶಾರ್ಟ್‌ಬ್ರೆಡ್ಡಿಗೆ ಮೊಟ್ಟೆ ಹಾಕುವುದೇ ಇಲ್ಲ, ಬೆಣ್ಣೆ ಸಕ್ಕರೆ ಹಿಟ್ಟು ಅಷ್ಟೆ. ಬೇರೆ ಕುಕೀಗಳಲ್ಲಿ ಇರಬಹುದು. ಹಸಿರು ಚುಕ್ಕೆ ನೋಡಿ. ಮೊದಲು ಮಾಂಸಾಹಾರಕ್ಕೆ ಕಂದು ಚುಕ್ಕೆ ಇತ್ತು, ಈಗ ಕಂದು ತ್ರಿಕೋನ. ಮೊಟ್ಟೆ ಇದ್ದರೂ ಅದೇ ಗುರುತು. ಹೊರದೇಶದ ಪ್ಯಾಕೆಟ್ಟಿಗೆ ಇಲ್ಲಿ ಮಾರುವಾಗ ಈ ಗುರುತಿನ ಸ್ಟಿಕ್ಕರ್ ಅಂಟಿಸಿರುತ್ತಾರೆ, ಆಮದು ಮಾಡಿದವರ ಹೆಸರಿನ ಹತ್ತಿರ ಹುಡುಕಿ. ಸೊಸೆಯ ಆಫೀಸಿನವರು ಯಾರೋ ಸೂಟ್‌ಕೇಸಿನಲ್ಲಿ ತಂದದ್ದಾದರೆ ಸ್ಟಿಕ್ಕರ್ ಇರಲ್ಲ, ಆಗ ಪಟ್ಟಿಯಲ್ಲಿ ಎಗ್ ಅನ್ನೋ ಪದ ಹುಡುಕೋದೇ ದಾರಿ.

ಅಯ್ಯಂಗಾರ್ ಬೇಕರಿಗಳು ನಮ್ಮ ಊರಲ್ಲಿ ಬೆಳೆದದ್ದಕ್ಕೆ ಮೊಟ್ಟೆ ಹಾಕದಿರುವುದೂ ಒಂದು ಕಾರಣ ನೋಡಿ. ಹಾಸನದ ಕಡೆಯಿಂದ ಬಂದ ತಿರುಮಲಾಚಾರ್ ಅವರು 1898ರಲ್ಲಿ ಚಿಕ್ಕಪೇಟೆಯಲ್ಲಿ ಬೆಂಗಳೂರು ಬ್ರದರ್ಸ್ ಬೇಕರಿ ಶುರು ಮಾಡಿದರು. ವಿ.ವಿ. ಪುರಂನ ವಿ.ಬಿ. ಬೇಕರಿ 1953ರದ್ದು. ಮೊಟ್ಟೆ ಇಲ್ಲದೆ ಬ್ರೆಡ್ಡು, ಬನ್ನು, ಬಿಸ್ಕತ್ತು ಸಿಗುತ್ತೆ ಅಂತ ಆದ ಮೇಲೇ ಎಷ್ಟೋ ಮಡಿವಂತರ ಮನೆಗೆ ಬೇಕರಿ ತಿಂಡಿ ಒಳಗೆ ಬಂದದ್ದು. ನಮ್ಮಜ್ಜಿ ಆಗಲೂ ಖಾರ ಬಿಸ್ಕತ್ತನ್ನು ಅಡುಗೆಮನೆ ಒಳಗೆ ಬಿಡುತ್ತಿರಲಿಲ್ಲ, ಹಜಾರದಲ್ಲಿ ಕೂತು ತಿನ್ನುತ್ತಿದ್ದರು!

ಪ್ರಶ್ನೆ: ದುಬೈನಿಂದ ಬಂದ ಅಣ್ಣ ನೀಲಿ ಟಿನ್ ತಂದಿದ್ದಾನೆ. ಅದೇ ಥರದ್ದು ಇಲ್ಲಿ ಅಂಗಡಿಯಲ್ಲೂ ನೋಡಿದೆ, ಬೆಲೆ ಅರ್ಧಕ್ಕೂ ಕಮ್ಮಿ. ಎರಡೂ ಡೆನ್ಮಾರ್ಕಿನದೇನಾ?
ಓದುಗರು, ಜೆ.ಪಿ. ನಗರ

ಉತ್ತರ: ನೀಲಿ ಬಣ್ಣ ಯಾರ ಮನೆ ಆಸ್ತಿಯೂ ಅಲ್ಲ. ಡೆನ್ಮಾರ್ಕಿನ ಬೆಣ್ಣೆ ಕುಕೀ ಕಂಪನಿ ರಾಯಲ್ ಡಾನ್ಸ್ಕ್ 1966ರಲ್ಲಿ ಶುರುವಾದದ್ದು. ಅವರ ನೀಲಿ ದುಂಡು ಟಿನ್ ಹೆಸರಾದ ಮೇಲೆ ಬೇಕಾದಷ್ಟು ಕಂಪನಿಯವರು ಬೇಕಾದಷ್ಟು ದೇಶದಲ್ಲಿ ಅದೇ ಥರದ ಟಿನ್ ಮಾಡಿದರು. ತಪ್ಪೇನಿಲ್ಲ. ಆದರೆ ಡೇನಿಶ್ ಸ್ಟೈಲ್ ಅಂತ ಬರೆದಿದ್ದರೆ ಅದು ಡೆನ್ಮಾರ್ಕಿನದು ಅಂತ ಅಲ್ಲ. ದಾವಣಗೆರೆ ಬೆಣ್ಣೆ ದೋಸೆ ಅಂತ ಬೋರ್ಡು ಹಾಕಿದವರೆಲ್ಲ ದಾವಣಗೆರೆಯಿಂದ ಬಂದಿರ್ತಾರಾ? ತಯಾರಾದ ದೇಶ ಯಾವುದು ಅಂತ ಟಿನ್ನಿನ ತಳದಲ್ಲೋ ಪಕ್ಕದಲ್ಲೋ ಇರುತ್ತೆ. ಬೆಣ್ಣೆಯ ಬದಲು ಎಣ್ಣೆ ಇದೆಯಾ ಅಂತಲೂ ಅಲ್ಲೇ ನೋಡಿ, ಬೆಲೆ ಅರ್ಧಕ್ಕಿಳಿಯೋ ಗುಟ್ಟು ಬಹಳ ಸಲ ಅಲ್ಲಿರುತ್ತೆ.

ತೂಕವನ್ನೂ ನೋಡಿ. ದೊಡ್ಡ ಟಿನ್ 454 ಗ್ರಾಂ, ಸಣ್ಣದು 340 ಗ್ರಾಂ, ಎರಡೂ ಪಕ್ಕಪಕ್ಕ ಇಟ್ಟರೆ ಮೋಸ ಹೋಗೋಷ್ಟು ಒಂದೇ ಥರ. ನಾನು ಒಂದು ಸಲ ಮಾಲ್ ಒಂದರಲ್ಲಿ ರಿಬ್ಬನ್ ಕಟ್ಟಿದ ಚೆಂದದ ಹಬ್ಬದ ಪೆಟ್ಟಿಗೆ ತಗೊಂಡೆ. ಮನೆಗೆ ಬಂದು ಬಿಚ್ಚಿದರೆ ಹನ್ನೆರಡು ಬಿಸ್ಕತ್ತು, ಅದರಲ್ಲಿ ಐದು ಮುರಿದದ್ದು, ಉಳಿದ ಜಾಗದಲ್ಲೆಲ್ಲ ಪೇಪರಿನ ಎಳೆ. ರಿಬ್ಬನ್ ಮಾತ್ರ ಇವತ್ತಿಗೂ ಮಗಳ ಜಡೆಯಲ್ಲಿದೆ.

ಖಾಲಿ ಟಿನ್ನಿನಲ್ಲಿ ಸೂಜಿ ದಾರ ಇಡೋದು ಲೋಕಕ್ಕೇ ಗೊತ್ತಿರೋ ವಿಷಯ. ನಮ್ಮ ಮನೆಯಲ್ಲಿ ಅಜ್ಜಿ ಅದರಲ್ಲಿ ಹೂಬತ್ತಿ, ಗೆಜ್ಜೆವಸ್ತ್ರ ಇಟ್ಟಿದ್ದರು. ಕುವೈತಿನಲ್ಲಿದ್ದ ದೊಡ್ಡಪ್ಪನ ಮಗ ತಂದದ್ದು. ಬಿಸ್ಕತ್ತು ಮುಟ್ಟದ ಅಜ್ಜಿ ಟಿನ್ನಿಗೆ ಮಾತ್ರ ಕಾದು ಕೂತಿದ್ದರು. "ಬೇಗ ಬೇಗ ತಿನ್ರೋ" ಅಂತ ನಮಗೆ ಅವಸರ ಮಾಡಿದ್ದು ಯಾಕೆ ಅಂತ ಆಮೇಲೆ ಗೊತ್ತಾಯಿತು. ಒಂದು ವರ್ಷ ವರಮಹಾಲಕ್ಷ್ಮಿಗೆ ಹಾಕಿದ ಗೆಜ್ಜೆವಸ್ತ್ರಕ್ಕೆ ವೆನಿಲಾ ವಾಸನೆ.

ಪ್ರಶ್ನೆ: ಹೋದ ವಾರ ತಂದ ಬೆಣ್ಣೆ ಬಿಸ್ಕತ್ತು ಮೆತ್ತಗಾಗಿದೆ. ಗಾಳಿ ಆಡದ ಡಬ್ಬಿಯಲ್ಲೇ ಇಟ್ಟಿದ್ದೆ, ಕೇಕ್ ಜೊತೆಗೆ. ಎಸೆಯಬೇಕಾ?
ಓದುಗರು, ಯಲಹಂಕ

ಉತ್ತರ: ಕೇಕ್ ಜೊತೆಗೆ ಅಂದಿರಲ್ಲ, ಅಲ್ಲೇ ಆಗಿದ್ದು. ಕೇಕಿನಲ್ಲಿ ತೇವ ಜಾಸ್ತಿ, ಬಿಸ್ಕತ್ತಿನಲ್ಲಿ ಕಮ್ಮಿ. ಎರಡನ್ನೂ ಒಂದೇ ಡಬ್ಬಿಗೆ ಹಾಕಿ ಮುಚ್ಚಿದರೆ ಕೇಕಿನ ತೇವ ಬಿಸ್ಕತ್ತಿಗೆ ಹೋಗುತ್ತೆ. ಕೇಕ್ ಒಣಗುತ್ತೆ, ಬಿಸ್ಕತ್ತು ಮೆತ್ತಗಾಗುತ್ತೆ, ಎರಡೂ ಕೆಟ್ಟವು.

ಎಸೆಯಬೇಡಿ. ಓವನ್ ಇದ್ದರೆ 150 ಡಿಗ್ರಿಯಲ್ಲಿ ಐದು ನಿಮಿಷ ಇಡಿ. ಇಲ್ಲದಿದ್ದರೆ ದಪ್ಪ ತಳದ ಕಾವಲಿ ಮೇಲೆ ತೀರಾ ಸಣ್ಣ ಉರಿಯಲ್ಲಿ, ಮುಚ್ಚಳ ಮುಚ್ಚದೆ, ಪಕ್ಕದಲ್ಲೇ ನಿಂತು ಬಿಸಿ ಮಾಡಿ. ಬಿಸಿ ಇರುವಾಗ ಇನ್ನೂ ಮೆತ್ತಗೇ ಇರುತ್ತೆ, ಗಾಬರಿ ಬೇಡ, ಆರಿದ ಮೇಲೆ ಗರಿ. ಪೂರ್ತಿ ಆರದೆ ಡಬ್ಬಿಗೆ ಹಾಕಿದರೆ ಮತ್ತೆ ಅದೇ ಕಥೆ. ಡಬ್ಬಿಯ ಮೂಲೆಯಲ್ಲಿ ಒಂದು ಸಣ್ಣ ಬಟ್ಟೆ ಗಂಟಿನಲ್ಲಿ ಹುರಿದ ಅಕ್ಕಿ ಇಡಿ, ತೇವ ಎಳೆದುಕೊಳ್ಳುತ್ತೆ.

ಮೆತ್ತಗಾಗೋದು ಬೇರೆ, ಕಮಟು ಬರೋದು ಬೇರೆ. ಹಳೇ ಬೆಣ್ಣೆಯ ಕಮಟು ವಾಸನೆ ಬಂದಿದ್ದರೆ ಬಿಸಿ ಮಾಡಿ ಪ್ರಯೋಜನ ಇಲ್ಲ, ಎಸೆಯೋದೇ ಸರಿ. ಬೆಳಕು, ಬಿಸಿ, ಗಾಳಿ, ಮೂರೂ ಕಮಟಿಗೆ ಕಾರಣ. ಕಿಟಕಿ ಪಕ್ಕ ಗಾಜಿನ ಭರಣಿಯಲ್ಲಿ ಚೆಂದ ಕಾಣಲಿ ಅಂತ ಇಡಬೇಡಿ, ಒಲೆಯ ಮೇಲಿನ ಶೆಲ್ಫಿನಲ್ಲೂ ಬೇಡ.

ಪ್ರಶ್ನೆ: ಬಿಸ್ಕತ್ತಿಗೂ ಕುಕೀಗೂ ಏನು ವ್ಯತ್ಯಾಸ? ಕ್ಲಾಸಿನಲ್ಲಿ ಜಗಳ ಆಗಿದೆ.
ಕಾಲೇಜು ವಿದ್ಯಾರ್ಥಿನಿ, ವಿಜಯನಗರ

ಉತ್ತರ: ಬಿಸ್ಕತ್ತು ಅನ್ನೋ ಪದದ ಮೂಲ ಲ್ಯಾಟಿನ್ನಿನಲ್ಲಿ ಎರಡು ಸಲ ಬೇಯಿಸಿದ್ದು ಅಂತ. ಆ ಲೆಕ್ಕದಲ್ಲಿ ನಮ್ಮ ರಸ್ಕೇ ನಿಜವಾದ ಬಿಸ್ಕತ್ತು. ಕುಕೀ ಡಚ್ ಭಾಷೆಯದು, ಸಣ್ಣ ಕೇಕ್ ಅಂತ ಅರ್ಥ. ಇದು ಪುಸ್ತಕದ ಮಾತು. ಬೆಂಗಳೂರಿನಲ್ಲಿ, ಭರಣಿಯಲ್ಲಿದ್ದರೆ ಬಿಸ್ಕತ್ತು, ಎಸಿ ಅಂಗಡಿಯಲ್ಲಿದ್ದರೆ ಕುಕೀ. ನಿಮ್ಮ ಕ್ಲಾಸಿನ ಹುಡುಗರು ಹಾಕೋ ಬಿಸ್ಕತ್ತು ಯಾವ ಜಾತಿ ಅಂತ ನನ್ನನ್ನು ಕೇಳಬೇಡಿ.

ಪ್ರಶ್ನೆ: ಅಪ್ಪನಿಗೆ ಶುಗರ್ ಇದೆ. ಹಬ್ಬದ ದಿನ ಶುಗರ್ ಫ್ರೀ ಬೆಣ್ಣೆ ಬಿಸ್ಕತ್ತು ಕೊಡಬಹುದಾ?
ಓದುಗರು, ಕೆಂಗೇರಿ

ಉತ್ತರ: ಸಕ್ಕರೆ ಇಲ್ಲ ಅಂದರೂ ಮೈದಾ ಇದೆ, ಬೆಣ್ಣೆ ಇದೆ. ಮೈದಾ ಕೂಡ ಹೊಟ್ಟೆಗೆ ಹೋಗಿ ಸಕ್ಕರೆಯೇ ಆಗುತ್ತೆ. ಶುಗರ್ ಫ್ರೀ ಅಂತ ಬರೆದದ್ದನ್ನು ನೋಡಿ ಅಪ್ಪ ಎಂಟು ತಿಂದುಬಿಡುತ್ತಾರೆ, ಅದೇ ಅಪಾಯ. ಅವರ ಡಾಕ್ಟರನ್ನು ಒಂದು ಮಾತು ಕೇಳಿ. ಅವರು ಪರವಾಗಿಲ್ಲ ಅಂದರೆ ಒಳ್ಳೇ ಬಿಸ್ಕತ್ತನ್ನೇ ಒಂದು ಕೊಡಿ, ಡಬ್ಬಿ ಮಾತ್ರ ಅವರ ಕೈಗೆ ಸಿಗದ ಹಾಗೆ ಇಡಿ.

ಪ್ರಶ್ನೆ: ಮೇಡಂ, ನೇರವಾಗಿ ಕೇಳುತ್ತೇನೆ. ಅಂಗಡಿಯಿಂದ ತಂದು, ಪ್ಯಾಕೆಟ್ ಎಸೆದು, ನಮ್ಮ ಡಬ್ಬಿಗೆ ಹಾಕಿ, ಮನೆಯಲ್ಲೇ ಮಾಡಿದ್ದು ಅಂತ ಕೊಟ್ಟರೆ ತಪ್ಪಾ?
ಹೆಸರು ಬೇಡ, ರಾಜಾಜಿನಗರ

ಉತ್ತರ: ತಪ್ಪು ಸರಿ ಆಮೇಲೆ. ಸಿಕ್ಕಿಹಾಕಿಕೊಳ್ಳುತ್ತೀರಿ, ಅದನ್ನು ಹೇಳುತ್ತೇನೆ. ನಾನೇ ಮಾಡಿದ್ದೆ ಈ ಕೆಲಸ. ಸುಮಾರು ಹತ್ತು ವರ್ಷದ ಹಿಂದೆ, ಪಕ್ಕದ ಮನೆ ಆಂಟಿಗೆ ಹೊಸ ವರ್ಷಕ್ಕೆ ಅಂಗಡಿಯ ಶಾರ್ಟ್‌ಬ್ರೆಡ್ ಕೊಟ್ಟು, "ಸುಮ್ನೆ ಟ್ರೈ ಮಾಡಿದೆ ಆಂಟಿ" ಅಂದುಬಿಟ್ಟೆ. ಆಂಟಿ ಮರುದಿನ ಬೆಳಿಗ್ಗೆ ನೋಟ್ ಪುಸ್ತಕ, ಪೆನ್ನು ಹಿಡಿದು ಬಾಗಿಲಲ್ಲಿ ನಿಂತಿದ್ದರು. ಅಳತೆ ಹೇಳು ಅಂತ. ತಲೆನೋವು ಅಂತ ಹೇಳಿ ಆ ದಿನ ತಪ್ಪಿಸಿಕೊಂಡೆ. ಆಮೇಲೆ ಕಲಿಯದೆ ವಿಧಿ ಇರಲಿಲ್ಲ.

ನಿಮಗೂ ಆ ಗತಿ ಬಂದರೆ ಇರಲಿ ಅಂತ ಬರೆಯುತ್ತೇನೆ. 50 ಗ್ರಾಂ ಪುಡಿ ಸಕ್ಕರೆ, 100 ಗ್ರಾಂ ಉಪ್ಪಿಲ್ಲದ ಬೆಣ್ಣೆ, 150 ಗ್ರಾಂ ಹಿಟ್ಟು. ಹಿಟ್ಟಿನಲ್ಲಿ 120 ಮೈದಾ, 30 ನಯವಾದ ಅಕ್ಕಿ ಹಿಟ್ಟು ಇರಲಿ, ಗರಿ ಬರುತ್ತೆ. ಅಕ್ಕಿ ಹಿಟ್ಟು ನಮ್ಮ ಕಡೆಯ ಕಿತಾಪತಿ ಅಂದುಕೊಳ್ಳಬೇಡಿ, ಸ್ಕಾಟ್ಲೆಂಡಿನವರೂ ಹಾಕುತ್ತಾರೆ. ಎರಡು ಚಿಟಿಕೆ ಉಪ್ಪು. ಬೆಣ್ಣೆ ಮೆತ್ತಗಿರಬೇಕು, ಕರಗಿರಬಾರದು, ಬೆಂಗಳೂರಿನ ಡಿಸೆಂಬರ್ ಚಳಿಗೆ ಬೆಳಿಗ್ಗೆಯೇ ಫ್ರಿಜ್ಜಿನಿಂದ ತೆಗೆದಿಟ್ಟರೆ ಮಧ್ಯಾಹ್ನಕ್ಕೆ ಸರಿ ಹೋಗುತ್ತೆ. ಸಕ್ಕರೆ ಬೆಣ್ಣೆ ಮೊದಲು ಕಲಸಿ, ಆಮೇಲೆ ಹಿಟ್ಟು ಹಾಕಿ, ಒಟ್ಟಾದರೆ ಸಾಕು. ಚಪಾತಿ ಹಿಟ್ಟಿನ ಹಾಗೆ ನಾದಿದಿರೋ ಕೆಟ್ಟಿತು. ತಟ್ಟೆಗೆ ಅರ್ಧ ಇಂಚು ದಪ್ಪ ಒತ್ತಿ, ಫೋರ್ಕಿನಿಂದ ಚುಚ್ಚಿ, 160 ಡಿಗ್ರಿಯಲ್ಲಿ ಸುಮಾರು 25 ನಿಮಿಷ. ಅಂಚು ಮಾತ್ರ ಹೊಂಬಣ್ಣ, ನಡುವೆ ತಿಳಿಯಾಗೇ ಇರಲಿ. ಬಿಸಿ ಇರುವಾಗಲೇ ಚಾಕುವಿನಿಂದ ಗೆರೆ ಎಳೆಯಿರಿ, ತಟ್ಟೆಯಿಂದ ಎಬ್ಬಿಸುವುದು ಮಾತ್ರ ಪೂರ್ತಿ ಆರಿದ ಮೇಲೆ. ಓವನ್ ಇಲ್ಲದವರು ದಪ್ಪ ಕುಕ್ಕರಿನಲ್ಲಿ ಉಪ್ಪು ಹರಡಿ, ಗ್ಯಾಸ್ಕೆಟ್ಟು ವಿಶಲ್ಲು ತೆಗೆದು, ಸ್ಟ್ಯಾಂಡಿನ ಮೇಲಿಟ್ಟು ಸಣ್ಣ ಉರಿಯಲ್ಲಿ ಮಾಡಬಹುದು, ಸಮಯ ಜಾಸ್ತಿ ಹಿಡಿಯುತ್ತೆ, ಮೇಲೆ ಬಣ್ಣ ಅಷ್ಟಾಗಿ ಬರಲ್ಲ.

ಮೂರು ಸಲ ಸೀದು, ನಾಲ್ಕನೇ ಸಲ ಸರಿಯಾಗಿ ಬಂದದ್ದನ್ನು ಆಂಟಿಗೆ ಕೊಟ್ಟೆ. ಈಗ ಪ್ರತಿ ವರ್ಷ ಕೊಡುತ್ತೇನೆ. ಅವರು ತಿಂದು, ಚೆನ್ನಾಗಿದೆ ಅಂದು, ಆಮೇಲೆ ತಪ್ಪದೆ ಇನ್ನೊಂದು ಮಾತು ಸೇರಿಸುತ್ತಾರೆ. "ಮೊದಲನೇ ವರ್ಷ ಮಾಡಿದ್ದೆಯಲ್ಲ, ಆ ರುಚಿ ಮತ್ತೆ ಬರಲಿಲ್ಲ ನೋಡು."